ಸೋಮವಾರದ ರೊಟ್ಟಿ ಪೊಟ್ಟಣ

ನವೆಂಬರ್ 18, ಮಂಗಳವಾರ, ಬೆಳಗ್ಗೆ 10.15. ಯಲಹಂಕದ ಆ ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಮುನಿಆಂಜಿನಪ್ಪ ಎರಡನೇ ಲೋಟ ಕಾಫಿಗೆ ತುಟಿ ತಾಗಿಸಿದ್ದರಷ್ಟೆ. ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ, ಮೂವತ್ತರ ಆಸುಪಾಸಿನ ಹೆಂಗಸೊಬ್ಬರು ಒಳಗೆ ಬಂದು, ಕುರ್ಚಿಯನ್ನು ಕಾಲಿನಿಂದಲೇ ಸರಿಸಿಕೊಂಡು ಕುಳಿತರು.

"ಕಂಪ್ಲೇಂಟ್ ಕೊಡಬೇಕಿತ್ರಿ."

"ಯಾರ ಮೇಲಮ್ಮ?"

"ನನ್ನ ಗಂಡನ ಮ್ಯಾಲೆ. ಶಿವಪುತ್ರ ಅಂತ. ಕಬಡ್ಡಿ ಆಡ್ತಾರ."

ಮುನಿಆಂಜಿನಪ್ಪ ಲೋಟ ಕೆಳಗಿಟ್ಟರು. ಕಬಡ್ಡಿಯ ಶಿವಪುತ್ರ ಎಂದರೆ ಊರಿಗೆಲ್ಲ ಒಬ್ಬನೇ. ಕೆಂಪುಮಣ್ಣು ವಾರಿಯರ್ಸ್ ತಂಡದ ರೈಡರ್. ಎದುರಾಳಿಗಳ ಅಂಕಣಕ್ಕೆ ನುಗ್ಗಿ ಮೂವರನ್ನು ಮುಟ್ಟಿ, ನಾಲ್ಕನೆಯವನ ತಲೆಯ ಮೇಲಿಂದ ಹಾರಿ ಬರುವ ಆಸಾಮಿ. ಮುನಿಆಂಜಿನಪ್ಪ ಹರೆಯದಲ್ಲಿ ಅಬ್ಬಿಗೆರೆಯ ಬಯಲಿನಲ್ಲಿ ಕಬಡ್ಡಿ ಆಡಿ ಮಂಡಿ ಕೆಡಿಸಿಕೊಂಡವರು. ಟಿ.ವಿ.ಯಲ್ಲಿ ಈ ಹುಡುಗ ಹಾರಿದಾಗಲೆಲ್ಲ ತಮ್ಮದೇ ಮಂಡಿ ನೆಟ್ಟಗಾದಷ್ಟು ಖುಷಿ ಅವರಿಗೆ. ಫೋನಿನ ಪರದೆಯ ಮೇಲೂ ಅವನದೇ ಚಿತ್ರ. ಅವರು ಆ ಫೋನನ್ನು ಮೆಲ್ಲಗೆ ಮಗುಚಿ ಇಟ್ಟರು.

ಇನ್‌ಸ್ಪೆಕ್ಟರ್ ಬಿಂದುಶ್ರೀ ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿಕೊಂಡರು. ಬಿಂದುಶ್ರೀಗೆ ಕಬಡ್ಡಿ ಗೊತ್ತಿಲ್ಲ, ಕ್ರಿಕೆಟ್ಟೂ ಗೊತ್ತಿಲ್ಲ, ಭಾನುವಾರ ಸಿಕ್ಕರೆ ನಿದ್ದೆ ಮಾಡುವವರು. ಈ ಕೇಸಿಗೆ ಅದೇ ದೊಡ್ಡ ಅರ್ಹತೆ ಎಂದು ಮುನಿಆಂಜಿನಪ್ಪನವರಿಗೆ ಆಮೇಲೆ ಅನ್ನಿಸಿತು.

ಫಿರ್ಯಾದುದಾರರ ಹೆಸರು ಸ್ಮಿತಾ. ಬಾಗಲಕೋಟೆ ಕಡೆಯವರು. ನ್ಯೂ ಟೌನಿನ ಪಿಯು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾರೆ. ಮನೆ ಪುಟ್ಟೇನಹಳ್ಳಿ ಕೆರೆಯ ಪಕ್ಕದ ಬೀದಿಯಲ್ಲಿ.

"ಯಾವಾಗ ಆಯ್ತು?"

"ಒಂಬತ್ತನೇ ತಾರೀಕು, ರವಿವಾರ ರಾತ್ರಿ. ಜೈಪುರದ ಮ್ಯಾಚಿಗೆ ಮೊದಲ ಏಳು ಮಂದ್ಯಾಗ ನಿನ್ನ ಹೆಸರಿಲ್ಲ ಅಂತ ಕೋಚ್ ಫೋನ್ ಮಾಡಿದ್ರು. ಫೋನ್ ಇಟ್ಟು ಊಟಕ್ಕ ಕುಂತ್ರು. ರೊಟ್ಟಿ ತಣ್ಣಗಾಗ್ಯಾವ ಅಂದ್ರು. ಬಿಸಿ ಮಾಡ್ತೀನಿ ಅಂತ ಎದ್ದೆ. ಕೈ ಹಿಡದು ತಿರುವಿಬಿಟ್ರು."

"ಇದೇ ಮೊದಲಾ?"

"ಮೂರನೇ ಸಲ. ಮುರದಿದ್ದು ಮೊದಲನೇ ಸಲ."

"ಆಸ್ಪತ್ರೆಗೆ ಹೋದದ್ದು?"

"ಬುಧವಾರ. ಆಟಗಾರರು ಸುತ್ತಿಕೊಳ್ಳೋ ಪಟ್ಟಿ ಇರತೈತಲ್ರೀ, ಅದನ್ನ ಸುತ್ತಿ ಮಂಗಳವಾರ ಅವರು ಜೈಪುರಕ್ಕ ಹೋದ್ರು. ಬುಧವಾರದ ಹೊತ್ತಿಗೆ ಕೈ ಕುಂಬಳಕಾಯಿ ಆಗಿತ್ತು. ಕೆಳಗಿನ ಮನಿ ನಾರಾಯಣಮ್ಮಾರು ಕರ್ಕೊಂಡು ಹೋದ್ರು."

"ಡಾಕ್ಟರಿಗೆ ಏನಂತ ಹೇಳಿದ್ರಿ?"

ಸ್ಮಿತಾ ಪ್ಲಾಸ್ಟರಿನ ಅಂಚನ್ನು ಸವರುತ್ತ ಕುಳಿತರು. "ಅವತ್ತ ಮುಂಜಾನೆ ಸ್ಕೂಟರ್ ಮ್ಯಾಲಿಂದ ಬಿದ್ದೆ ಅಂತ. ಅವರು ಫೋನ್‌ನಾಗ ಹಂಗ ಹೇಳು ಅಂದಿದ್ರು. ಅಂಜಿಕಿ ಇತ್ತು, ಹೇಳಿದೆ."

ಬಿಂದುಶ್ರೀ ಪೆನ್ನು ಕೆಳಗಿಟ್ಟರು. ಆಸ್ಪತ್ರೆಯ ದಾಖಲೆಯಲ್ಲಿ ಬುಧವಾರ ಬೆಳಗ್ಗೆ ಸ್ಕೂಟರ್ ಅಪಘಾತ. ಬುಧವಾರ ಬೆಳಗ್ಗೆ ಗಂಡ ಜೈಪುರದಲ್ಲಿ. ಕೋರ್ಟಿನಲ್ಲಿ ಎದುರು ವಕೀಲರು ಇದೊಂದೇ ಕಾಗದ ಹಿಡಿದು ಕೇಸನ್ನು ಮಡಚಿ ಜೇಬಿಗೆ ಹಾಕಿಕೊಳ್ಳಬಹುದಿತ್ತು.

"ಅಷ್ಟು ದಿನ ಸುಮ್ಮನಿದ್ದವರು ಇವತ್ಯಾಕೆ ಬಂದ್ರಿ?"

"ನಿನ್ನೆ ಟಿ.ವಿ.ಯವರು ಅವರನ್ನ ಕೇಳಿದ್ರು, ನಿಮ್ಮ ಮಿಸೆಸ್ ಕೈಗೆ ಏನಾಯ್ತು ಅಂತ. ಅವರು ನಕ್ಕು, ಹೆಣ್ಮಕ್ಕಳ ಸ್ಕೂಟರ್ ನಿಮಗ ಗೊತ್ತೈತಲ್ರೀ ಅಂದ್ರು. ಅಲ್ಲಿದ್ದವರೆಲ್ಲ ನಕ್ಕರು." ಸ್ಮಿತಾರ ದನಿ ಮೊದಲ ಬಾರಿಗೆ ಏರಿತು. "ಕೈ ಮುರದಿದ್ದು ನುಂಗಿಕೊಂಡಿದ್ದೆ ಮೇಡಮ್. ಆ ನಗು ನುಂಗಾಕ ಆಗಲಿಲ್ಲ. ಕಾಲೇಜಿಗೆ ಹೋಗಾಕ ಹತ್ತಿದಾಗಿಂದ ಸ್ಕೂಟರ್ ಹೊಡೀತೀನಿ ನಾ. ಒಂದ ಸಲ ಬಿದ್ದಿಲ್ಲ. ಅವರು ದೊಡ್ಡ ಮನಷ್ಯಾ, ನನ್ನ ಮಾತು ಯಾರೂ ನಂಬಂಗಿಲ್ಲ ಅಂತ ಗೊತ್ತೈತಿ. ಆದ್ರ ಈಕಿ ಸ್ಕೂಟರ್ ಮ್ಯಾಲಿಂದ ಬಿದ್ದಿಲ್ಲ ಅಂತ ನಾಕು ಮಂದಿ ಒಪ್ಪಬೇಕು. ನನಗ ಅಷ್ಟ ಸಾಕು."

ಬಿಂದುಶ್ರೀ ಮತ್ತೆ ಪೆನ್ನು ಎತ್ತಿಕೊಂಡರು. 11.40ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 85, ಗಂಡನಿಂದ ಕ್ರೌರ್ಯ. ಕಲಂ 117(2), ತೀವ್ರ ಗಾಯ.

ಎಫ್‌ಐಆರ್‌ನ ಶಾಯಿ ಆರುವ ಮೊದಲೇ ಸುದ್ದಿ ಹೊರಬಿತ್ತು. ಸಂಜೆಯ ಹೊತ್ತಿಗೆ ಟಿ.ವಿ.ಯಲ್ಲಿ ಎಂಟು ಮಂದಿ ಎಂಟು ಚೌಕದೊಳಗೆ ಕುಳಿತು ಒಟ್ಟಿಗೇ ಮಾತಾಡುತ್ತಿದ್ದರು. ಒಬ್ಬರು ಕ್ರೀಡಾಪಟುವಿನ ಮಾನಸಿಕ ಒತ್ತಡದ ಬಗ್ಗೆ ಹೇಳಿದರು, ಇನ್ನೊಬ್ಬರು ಸ್ಕೂಟರಿನ ಬ್ರೇಕಿನ ಬಗ್ಗೆ. ಮನೆಯ ವಿಷಯ ಮನೆಯಲ್ಲೇ ಇರಬೇಕು ಎಂದು ಮೂರು ಗಂಟೆ ಕಾಲ ಊರಿಗೆಲ್ಲ ಕೇಳುವಂತೆ ಕೂಗಿದವರೂ ಇದ್ದರು. ಸ್ಮಿತಾರ ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ. ಕಾಲೇಜು ಗೇಟಿನ ಎದುರು ಸಾಲಾಗಿ ನಿಂತು, "ನಮ್ಮ ಮಿಸ್ ಸ್ಕೂಟರ್ ಸೂಪರಾಗಿ ಓಡಿಸ್ತಾರೆ" ಎಂದು ಬರೆದ ರಟ್ಟು ಎತ್ತಿ ಹಿಡಿದರು. ರಟ್ಟು ಹಿಡಿದವರಲ್ಲಿ ಕೆಮಿಸ್ಟ್ರಿಯಲ್ಲಿ ಫೇಲಾದವರೂ ಇದ್ದರಂತೆ.

ಬುಧವಾರ ಬೆಳಗ್ಗೆ ಠಾಣೆಯ ಎದುರಿಗೆ, ದಸ್ತಗೀರನ ಟೀ ಅಂಗಡಿಯ ನೆತ್ತಿಯ ಮೇಲೆ, ಫ್ಲೆಕ್ಸ್ ಎದ್ದಿತ್ತು. ಶಿವಪುತ್ರ ಖಾನಾವಳಿಯೊಂದರ ಬಾಗಿಲಲ್ಲಿ ನಗುತ್ತಾ ನಿಂತಿದ್ದಾನೆ, ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ರೊಟ್ಟಿ ಪೊಟ್ಟಣ. ಕೆಳಗೆ ದಪ್ಪ ಅಕ್ಷರದಲ್ಲಿ: "ಹೆಂಡತಿಗಾಗಿ ತಾನೇ ರೊಟ್ಟಿ ಒಯ್ಯುವ ಚಾಂಪಿಯನ್. ಇಂಥ ಗಂಡ ಹೊಡೆಯುತ್ತಾನೆಯೇ? - ಅಭಿಮಾನಿ ಬಳಗ, ಯಲಹಂಕ."

ಈ ಫೋಟೋ ಮುನಿಆಂಜಿನಪ್ಪನವರಿಗೆ ಹೊಸದಲ್ಲ. ಬಳಗದ ವಾಟ್ಸಾಪ್ ಗುಂಪಿನಲ್ಲಿ ಬಂದಾಗ ಮೊಟ್ಟಮೊದಲು ಹೃದಯದ ಚಿಹ್ನೆ ಒತ್ತಿದ್ದು ಅವರೇ.

"ನೀವೇನ್ ಹೇಳ್ತೀರಾ ಸಾರ್?" ಟೀ ಸೋಸುತ್ತ ದಸ್ತಗೀರ್ ಕೇಳಿದ. "ಹೊಡೆದಿರ್ತಾನಾ?"

"ತನಿಖೆ ನಡೀತಾ ಐತೆ ಕಣಯ್ಯ," ಎಂದು ಮುನಿಆಂಜಿನಪ್ಪ ಟೀಯನ್ನು ಬಿಸಿಬಿಸಿಯಾಗಿಯೇ ಕುಡಿದು ನಾಲಿಗೆ ಸುಟ್ಟುಕೊಂಡರು.

ಮನೆಯಲ್ಲಿ ಹೆಂಡತಿ ಲಕ್ಕಮ್ಮನವರ ವಿಚಾರಣೆ ಇದಕ್ಕಿಂತ ಕಠಿಣವಾಗಿತ್ತು.

"ಏನಂತಾನೆ ನಿಮ್ ಹೀರೋ?"

"ಇನ್ನೂ ಕರೆಸಿಲ್ಲ. ಅಂಥ ಆಟಗಾರ ಕಣೇ ಅವ್ನು. ಹಂಗೆಲ್ಲ ಮಾಡೋನಲ್ಲ ಅನ್ಸುತ್ತೆ."

"ಚೆನ್ನಾಗಿ ಹಾರ್ತಾನೆ, ಒಪ್ತೀನಿ. ಹಾರೋದಕ್ಕೂ ಮನೇಲಿ ಇರೋದಕ್ಕೂ ಏನ್ರೀ ಸಂಬಂಧ? ನೀವು ಲಾಠಿ ಹಿಡ್ಕೊಂಡ್ ಓಡಾಡ್ತೀರ, ನಂಗೇನ್ ಹೊಡೆದಿದೀರಾ?"

ಮುನಿಆಂಜಿನಪ್ಪ ತಟ್ಟೆಯತ್ತ ಬಗ್ಗಿದರು. ಇನ್ನೆರಡು ತುತ್ತು ಮುದ್ದೆ ನುಂಗಿ ಎದ್ದರು.

ನವೆಂಬರ್ 20, ಗುರುವಾರ, ಬೆಳಗ್ಗೆ ಒಂಬತ್ತಕ್ಕೆ ಪುಟ್ಟೇನಹಳ್ಳಿಯ ಮನೆಯಲ್ಲಿ ಸ್ಥಳ ಪಂಚನಾಮೆ. ಎಫ್‌ಐಆರ್ ಆದಂದಿನಿಂದ ಶಿವಪುತ್ರ ತಂಡದ ಹೋಟೆಲಿನಲ್ಲಿದ್ದ. ಬಿಂದುಶ್ರೀ ಮೊದಲು ಸ್ಕೂಟರನ್ನೇ ನೋಡಿದರು. ಹ್ಯಾಂಡಲ್, ಫುಟ್‌ಬೋರ್ಡ್, ಕನ್ನಡಿ, ಎಲ್ಲೂ ಒಂದು ಗೀರಿಲ್ಲ. ಮುನಿಆಂಜಿನಪ್ಪ ಬಗ್ಗಿ ಅಡಿಭಾಗವನ್ನೂ ನೋಡಿ, ಮಂಡಿ ಹಿಡಿದುಕೊಂಡು ಎದ್ದರು.

"ಮಣ್ಣಿನ ಮೇಲೆ ಬಿದ್ದರೆ ಗೀರಾಗಲ್ಲ ಅಂತಾರೆ ವಕೀಲರು," ಎಂದರು ಬಿಂದುಶ್ರೀ. ಆಸ್ಪತ್ರೆಗೆ ಬರುವ ಹೊತ್ತಿಗೆ ಎಲುಬು ಮುರಿದು ಎರಡು ಮೂರು ದಿನ ಆಗಿರಬಹುದು, ಇಲ್ಲದೆಯೂ ಇರಬಹುದು ಎಂದು ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಹೇಳಿದ್ದರು. ಭಾನುವಾರಕ್ಕೂ ಮುರಿದ ಕೈಗೂ ಗಂಟು ಹಾಕುವಂಥದ್ದು ಏನಾದರೂ ಬೇಕಿತ್ತು.

ಮನೆ ಮಾಲೀಕರಾದ ಮುನಿರಾಮಯ್ಯ, ನಾರಾಯಣಮ್ಮ ಕೆಳಗಿನ ಮನೆಯಲ್ಲಿದ್ದರು. ಪುಟ್ಟೇನಹಳ್ಳಿ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದವರು. ಪಂಚರಾಗಿ ಸಹಿ ಹಾಕಲು ಬಂದ ಮುನಿರಾಮಯ್ಯ ಆಕಳಿಸುತ್ತಿದ್ದರು.

"ರಾತ್ರಿ ನಿದ್ದೆ ಇಲ್ವಾ ಯಜಮಾನ್ರೆ?" ಬಿಂದುಶ್ರೀ ಕೇಳಿದರು.

ಉತ್ತರ ನಾರಾಯಣಮ್ಮನವರಿಂದ ಬಂತು. "ನಿದ್ದೆ ಜಾಸ್ತಿ ಆಗೈತೆ ಕಣಮ್ಮ. ಮೇಲ್ಗಡೆ ರೊಟ್ಟಿ ಬಡಿಯೋದು ನಿಂತೋದ್ಮೇಲೆ ಇವರು ಏಳೋದೇ ಇಲ್ಲ."

"ಅಂದ್ರೆ?"

"ಆ ಉಡುಗಿ ದಿನಾ ಬೆಳಿಗ್ಗೆ ಆರಕ್ಕೆಲ್ಲ ತಪ ತಪ ತಪ ತಪ ಅಂತ ರೊಟ್ಟಿ ಬಡೀತಿತ್ತು. ಮೊದಮೊದಲು ಏನಪ್ಪ ಇದು, ಮನೆ ಒಡೀತಾವ್ರಾ ಅಂದ್ಕೊಂಡೆ. ಆಮೇಲಾಮೇಲೆ ಅದೇ ಇವರಿಗೆ ಅಲಾರಂ ಆಯ್ತು. ಬಡಿಯೋ ಸದ್ದು ಬಂದ್ರೆ ಎದ್ದು ಡೈರಿಗೆ ಆಲು ತರಕ್ಕೆ ಓಗೋರು. ಅವತ್ತು ಸದ್ದೇ ಬರ್ಲಿಲ್ಲ. ಇವರು ಏಳ್ಲಿಲ್ಲ, ಆಲಿಲ್ಲ, ನಂಗೆ ಈಶ್ವರನ ಗುಡಿಗೆ ಅಭಿಷೇಕಕ್ಕೆ ಒತ್ತಾಗೋಯ್ತು. ಬೈದೆ ಇಂಗೆ ಮಲಗಿದ್ರೆ ಎಂಗೆ ಅಂತ."

ಬಿಂದುಶ್ರೀ ಮುನಿಆಂಜಿನಪ್ಪನವರತ್ತ ನೋಡಿದರು. "ಈಶ್ವರನ ಗುಡಿ ಯಾವ ವಾರ ಅಮ್ಮ?"

"ಸೋಮವಾರ ಬಿಟ್ಟು ಇನ್ಯಾವತ್ತು ಓಗ್ತಾರೆ? ಈ ಸೋಮವಾರ ಅಲ್ಲ, ಅದ್ರ ಮುಂಚಿನ್ ಸೋಮವಾರ. ಆಸ್ಪತ್ರೆಗೆ ಕರ್ಕೊಂಡೋದ ವಾರವೇ." ನಾರಾಯಣಮ್ಮ ದನಿ ತಗ್ಗಿಸಿದರು. "ಇನ್ನೊಂದ್ ಮಾತು. ನಿನ್ನೆ ಆವಯ್ಯ ಫೋನ್ ಮಾಡಿದ್ದ. ಸ್ಕೂಟರಿಂದ ಬಿದ್ದಿದ್ದು ನಾನೇ ಕಣ್ಣಾರೆ ನೋಡ್ದೆ ಅಂತ ಯೋಳಿ ಅಂದ. ಇಲ್ಲಾಂದ್ರೆ ನಿಮ್ಗೂ ತೊಂದ್ರೆ ಅಂದ. ನಾನು ಬರ್ಲಿ ನೋಡ್ಕೋತೀನಿ ಅಂದೆ."

ಆ ಮಾತನ್ನು ಹೇಳಿಕೆಯಲ್ಲಿ ಅಕ್ಷರ ಬಿಡದೆ ಬರೆದುಕೊಂಡರು. ಜೀಪಿನಲ್ಲಿ ಕುಳಿತ ಮೇಲೆ ಬಿಂದುಶ್ರೀ ಹೇಳಿದರು, "ಸೋಮವಾರ ರೊಟ್ಟಿ ಬಡೀಲಿಲ್ಲ ಅನ್ನೋದು ಒಳ್ಳೆ ಸಂಗತಿ. ಆದ್ರೆ ಅವತ್ತು ಉಪ್ಪಿಟ್ಟು ಮಾಡಿದ್ಲು ಅಂದ್ಬಿಟ್ರೆ?"

"ಉಪ್ಪಿಟ್ಟಾ?" ಮುನಿಆಂಜಿನಪ್ಪನವರೊಳಗಿನ ಅಭಿಮಾನಿ ತಟ್ಟನೆ ಎದ್ದು ಕುಳಿತ. "ಸಾಧ್ಯನೇ ಇಲ್ಲ ಮೇಡಮ್. ಅವ್ನು ಯಾವ್ ಇಂಟರ್‌ವ್ಯೂನಲ್ಲಾದ್ರೂ ನೋಡಿ, ಜೋಳದ ರೊಟ್ಟಿ ಇಲ್ದೆ ನನ್ ದಿನ ಶುರುವಾಗಲ್ಲ ಅಂತಾನೆ. ಮನೇಲಿಲ್ಲ ಅಂದ್ರೆ ಕೊಂಡಾದ್ರೂ ತಿಂತಾನೆ. ಅವತ್ತು ಖಾನಾವಳಿ..."

ರೊಟ್ಟಿ ಪೊಟ್ಟಣ ಹಿಡಿದು ನಗುವ ಫ್ಲೆಕ್ಸ್ ಅವರ ಕಣ್ಣೆದುರು ಬಂತು. ಫೋನ್ ತೆಗೆದು, ಬಳಗದ ಗುಂಪಿನಲ್ಲಿ ಹಿಂದೆ ಹಿಂದೆ ಸರಿಸುತ್ತ ಹೋದರು. ಫೋಟೋ ಸಿಕ್ಕಿತು. ಕೆಳಗೆ ತಾವೇ ಒತ್ತಿದ ಹೃದಯ. ಮೇಲೆ ದಿನಾಂಕ, ನವೆಂಬರ್ 10, ಸೋಮವಾರ. ಈ ಫೋನನ್ನು ಜೇಬಿಗೆ ಹಾಕಿಕೊಂಡು ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ ಎಂಬುದು ಅವರಿಗೆ ಹೊಳೆಯಿತು. ಕುರ್ಚಿಯನ್ನು ಕಾಲಿನಿಂದ ಸರಿಸಿಕೊಂಡು ಕುಳಿತ ಸ್ಮಿತಾ ನೆನಪಾದರು. ಮುನಿಆಂಜಿನಪ್ಪ ಫೋನನ್ನು ಬಿಂದುಶ್ರೀಯವರ ಕೈಗೆ ಕೊಟ್ಟರು.

"ನೀವೂ ಬಳಗದಲ್ಲಿದೀರಾ?" ಬಿಂದುಶ್ರೀ ನಗು ತಡೆದುಕೊಂಡು ಕೇಳಿದರು.

"ಇದ್ದೆ ಮೇಡಮ್," ಎಂದರು ಮುನಿಆಂಜಿನಪ್ಪ.

ಖಾನಾವಳಿ ನ್ಯೂ ಟೌನಿನ ಮಾರುಕಟ್ಟೆಯ ಹಿಂದೆ. ಕಲಬುರಗಿ ಕಡೆಯ ಸಿದ್ರಾಮಪ್ಪ, ಗಂಗಾದೇವಿ ದಂಪತಿ ನಡೆಸುತ್ತಿದ್ದರು. ಒಳಗೆ ಕಾಲಿಟ್ಟರೆ ಶೇಂಗಾ ಚಟ್ನಿಯ ಘಮ, ಗೋಡೆಯ ಮೇಲೆ ಅದೇ ಫೋಟೋಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು.

"ಇವರು ದಿನಾ ಬರ್ತಾರಾ?" ಬಿಂದುಶ್ರೀ ಕೇಳಿದರು.

"ಇಲ್ರೀ. ಅವತ್ತೊಂದ ದಿನ ಬಂದ್ರು," ಎಂದರು ಗಂಗಾದೇವಿ. "ಮನ್ಯಾಗ ರೊಟ್ಟಿ ಮಾಡೋರಿದ್ದಾಗ ಇಲ್ಲಿಗ್ಯಾಕ ಬರ್ತಾರ?"

"ಮತ್ತೆ ಅವತ್ಯಾಕೆ ಬಂದ್ರು?"

"ಮನ್ಯಾಗ ಆಕಿ ಕೈ ಮುರದದರಿ, ಬಡಿಯೋರಿಲ್ಲ ಅಂದ್ರು. ನಾ ಪಾಪ ಅಂದೆ. ಆ ತಂಗಿಗಿ ಮೆತ್ತಗಿರಲಿ ಅಂತ ನಾಕು ಬಿಸಿ ರೊಟ್ಟಿ ಹೆಚ್ಚಿಗಿ ಸುತ್ತಿಕೊಟ್ಟೆ."

"ಮುರಿದಿದೆ ಅಂತಲೇ ಅಂದ್ರಾ? ನೋವಾಗಿದೆ ಅಂತಲ್ಲ?"

"ಮುರದದ ಅಂದ್ರು. ನನ್ನ ಕಿವಿ ಛಲೋ ಅದಾವ್ರಿ."

ಬುಧವಾರ ಬೀಳಬೇಕಾದ ಸ್ಕೂಟರಿನಿಂದ ಸೋಮವಾರವೇ ಕೈ ಮುರಿದಿತ್ತು. ಮುನಿಆಂಜಿನಪ್ಪ ಗೋಡೆಯ ಫೋಟೋ ನೋಡುತ್ತ ನಿಂತರು. ಅದರಲ್ಲಿ ಶಿವಪುತ್ರ ಇನ್ನೂ ನಗುತ್ತಲೇ ಇದ್ದ.

ಫೋಟೋ ತೆಗೆದವನು ಬಳಗದ ಕಾರ್ಯದರ್ಶಿ ನಂದಕುಮಾರ್. ಠಾಣೆಗೆ ಕರೆದ ಕೂಡಲೇ ಓಡಿಬಂದ. ತನ್ನ ಹೀರೋಗೆ ಅನುಕೂಲವಾಗುತ್ತದೆ ಎಂದು ಅವನ ಲೆಕ್ಕ.

"ಫೋಟೋ ಒರಿಜಿನಲ್ಲೇನಪ್ಪ?" ಮುನಿಆಂಜಿನಪ್ಪ ಕೇಳಿದರು.

"ಹಂಡ್ರೆಡ್ ಪರ್ಸೆಂಟ್ ಸಾರ್. ನನ್ ಫೋನಲ್ಲೇ ಇದೆ."

"ಹಳೇದು ಅಂತ ಯಾರೋ ಅಂತಿದ್ರು."

"ಯಾರ್ ಸಾರ್ ಅಂದಿದ್ದು?" ನಂದಕುಮಾರನಿಗೆ ರೋಷ ಬಂತು. "ಹತ್ತನೇ ತಾರೀಕು, ಸೋಮವಾರ, ನನಗೆ ಫ್ಯಾಕ್ಟರಿ ರಜ. ನಾನೇ ಖಾನಾವಳಿ ಬಾಗಿಲಲ್ಲಿ ನಿಲ್ಸಿ ತೆಗ್ದಿದ್ದು. ಎಲ್ಲಿ ಬೇಕಾದ್ರೂ ಸೈನ್ ಹಾಕ್ತೀನಿ."

ಹಾಕಿದ. ಫೋನ್ ಜಪ್ತಿಯಾಯಿತು, ಫೋನಿನ ಫೋಟೋ ಕೋರ್ಟಿನಲ್ಲಿ ಸಾಕ್ಷ್ಯವಾಗಲು ಬೇಕಾದ, ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರಕ್ಕೂ ಸಹಿಯಾಯಿತು. ಹೋಗುವಾಗ ಮುನಿಆಂಜಿನಪ್ಪನವರ ಕೈ ಕುಲುಕಿ, "ಸತ್ಯ ಗೆಲ್ಲುತ್ತೆ ಸಾರ್" ಎಂದ. ಮುನಿಆಂಜಿನಪ್ಪ ಹೂಂ ಎಂದರು.

ನವೆಂಬರ್ 21, ಶುಕ್ರವಾರ, ಬೆಳಗ್ಗೆ ಹನ್ನೊಂದು. ನೋಟಿಸಿನಂತೆ ಶಿವಪುತ್ರ ವಕೀಲರೊಂದಿಗೆ ಹಾಜರಾದ. ಹೊರಗೆ ಅಭಿಮಾನಿಗಳ ಜೈಕಾರ, ದಸ್ತಗೀರನಿಗೆ ಭರ್ಜರಿ ವ್ಯಾಪಾರ. ಒಳಗೆ ಬಂದವನು ಸೌಮ್ಯವಾಗಿ ನಮಸ್ಕಾರ ಮಾಡಿದ. ಮುನಿಆಂಜಿನಪ್ಪನವರ ಕೈ ಅಭ್ಯಾಸಬಲದಿಂದ ಮೇಲೇಳಲು ಹೋಗಿ, ಅರ್ಧದಲ್ಲೇ ನಿಂತು, ಕಡತ ಎತ್ತಿಕೊಂಡಿತು.

"ಹೆಂಡತಿಯ ಕೈ ಯಾವಾಗ ಮುರೀತು?" ಬಿಂದುಶ್ರೀ ಕೇಳಿದರು.

"ಬುಧವಾರ ಮೇಡಮ್. ನಾ ಜೈಪುರದಾಗಿದ್ದೆ."

"ಅಲ್ಲಿವರೆಗೆ ಆರೋಗ್ಯವಾಗಿದ್ರಾ?"

"ಆರಾಮ ಇದ್ಲು."

"ಸೋಮವಾರ ಬೆಳಗ್ಗೆ ಏನು ತಿಂದ್ರಿ?"

ವಕೀಲರು ಹುಬ್ಬೇರಿಸಿದರು. ಶಿವಪುತ್ರ ನಕ್ಕ. "ನಮ್ಮ ಕಡೆಯವರು ಇನ್ನೇನು ತಿಂತಾರ್ರಿ. ರೊಟ್ಟಿ."

"ಬಡಿದವರು ಯಾರು?"

"ನನ್ನ ಹೆಂಡತಿ. ದಿನಾ ಆಕೀನ ಬಡೀತಾಳ."

ಆ ಉತ್ತರ ಬರೆದಾದ ಮೇಲೆ ಬಿಂದುಶ್ರೀ ಎದ್ದು ಕಿಟಕಿಯ ಪರದೆ ಸರಿಸಿದರು. ಎದುರಿಗೆ ಫ್ಲೆಕ್ಸ್.

"ಆ ಪೊಟ್ಟಣದಲ್ಲಿ ಏನಿದೆ?"

ಶಿವಪುತ್ರ ತನ್ನನ್ನೇ ತಾನು ನೋಡಿದ. "ಅದು... ಬ್ಯಾರೆ ದಿನದ್ದು."

"ಸೋಮವಾರದ್ದು. ನಿಮ್ಮ ಬಳಗದ ಕಾರ್ಯದರ್ಶಿನೇ ಸಹಿ ಮಾಡಿದಾರೆ. ಖಾನಾವಳಿಯ ಅಮ್ಮನಿಗೆ ನೀವು ಅವತ್ತು ಹೇಳಿದ ಮಾತೂ ಇದೆ. ಓದಲಾ?"

ಅವರು ಓದಿದರು. ಮಾತಾಡದಂತೆ ತಡೆಯಲು ವಕೀಲರು ಚಾಚಿದ ಕೈಯನ್ನು ಶಿವಪುತ್ರ ಸರಿಸಿದ.

"ಸಿಟ್ಟಿನಾಗ ಆಗಿದ್ರಿ ಅದು. ಆಟದಾಗಿಂದ ತಗದ್ರು ಅನ್ನೋ ಸಂಕಟ. ಆಟಗಾರರಿಗೆ ರಕ್ತ ಬಿಸಿ ಇರತೈತಿ, ಕೈ ತಡೀಲಿಲ್ಲ."

ಅದುವರೆಗೆ ಬರೆಯುತ್ತಿದ್ದ ಮುನಿಆಂಜಿನಪ್ಪ ತಲೆ ಎತ್ತಿದರು. ಹೆಡ್ ಕಾನ್‌ಸ್ಟೆಬಲ್ ಆಗಿ ಅವರು ಮಾತಾಡಬೇಕಿರಲಿಲ್ಲ. ಮಾತಾಡಿದ್ದು ಅಭಿಮಾನಿ.

"ನಿಮ್ಮ ಒಂದು ಮ್ಯಾಚೂ ಬಿಟ್ಟಿಲ್ಲ ಸಾರ್ ನಾನು. ಹೋದ ಸೀಸನ್‌ನಲ್ಲಿ ಎದುರು ತಂಡದೋನು ನಿಮ್ ಮುಖಕ್ಕೆ ಮೊಣಕೈ ಹಾಕ್ದ, ಮೂಗಲ್ಲಿ ರಕ್ತ ಬಂತು. ನೀವು ಕೈ ಕಟ್ಕೊಂಡು ರೆಫ್ರಿ ಮುಖ ನೋಡ್ತಾ ನಿಂತಿದ್ರಿ. ಇಷ್ಟು ವರ್ಷದಲ್ಲಿ ಎಚ್ಚರಿಕೆಗೆ ಅಂತ ಒಂದು ಗ್ರೀನ್ ಕಾರ್ಡ್ ಕೂಡ ತಗೊಂಡಿಲ್ಲ ನೀವು. ಅಲ್ಲೆಲ್ಲ ಕೈ ತಡೀತಲ್ಲ ಸಾರ್. ಮನೇಲಿ ಯಾಕೆ ತಡೀಲಿಲ್ಲ?"

ಶಿವಪುತ್ರ ನೆಲ ನೋಡುತ್ತ ಹೇಳಿದ. "ಅಲ್ಲಿ ಎಲ್ಲಾರೂ ನೋಡ್ತಿರ್ತಾರ್ರಿ."

ಸಾಕ್ಷಿಗೆ ಬೆದರಿಕೆ ಹಾಕಿದ ಕಾರಣವನ್ನೂ ಬರಹದಲ್ಲಿ ಕೊಟ್ಟು, 12.35ಕ್ಕೆ ಅವನನ್ನು ದಸ್ತಗಿರಿ ಮಾಡಲಾಯಿತು. ಅವನು ಕೊನೆಗೆ ಹೇಳಿದ ಮಾತನ್ನು ಬಿಂದುಶ್ರೀ ಕೇಸ್ ಡೈರಿಯಲ್ಲಿ ಹಾಗೆಯೇ ಬರೆದುಕೊಂಡರು. ಕೃತ್ಯದ ಕಾರಣದ ಬಗ್ಗೆ ಬೇರೆ ಷರಾ ಬರೆಯುವ ಅಗತ್ಯ ಅವರಿಗೆ ಕಾಣಲಿಲ್ಲ.

ಮಧ್ಯಾಹ್ನ ಫ್ಲೆಕ್ಸಿನ ಜಪ್ತಿ ಪಂಚನಾಮೆ. ಮುನಿಆಂಜಿನಪ್ಪ ಟೇಪು ಹಿಡಿದು ಉದ್ದಗಲ ಅಳೆದರು, ಪಂಚನಾದ ದಸ್ತಗೀರ್ ಏಣಿ ಹಿಡಿದ. "ಸಾರ್, ಅಂಗಡಿಗೆ ನೆರಳಿತ್ತು," ಎಂದು ಅವನು ಕೊರಗಿದ. ಕೆಳಗೆ ನಂದಕುಮಾರ್ ನಿಂತಿದ್ದ. ಫ್ಲೆಕ್ಸ್ ಸುತ್ತುವಾಗ ಅವನೇ ಬಂದು ಒಂದು ತುದಿ ಹಿಡಿದುಕೊಂಡ. ಸಂಜೆ ಟಿ.ವಿ.ಯ ಎಂಟು ಮಂದಿ ರೊಟ್ಟಿಯ ಪೌಷ್ಟಿಕಾಂಶದತ್ತ ತಿರುಗಿದ್ದರು. ಮುನಿಆಂಜಿನಪ್ಪನವರ ಫೋನಿನ ಪರದೆಯ ಮೇಲೆ ಈಗ ಲಕ್ಕಮ್ಮ ಇದ್ದರು. ಒಪ್ಪಿಗೆ ಕೇಳದೆ ಹಾಕಿದ್ದಕ್ಕೆ ಬೈಸಿಕೊಂಡಿದ್ದೂ ಆಯಿತು.

ಜನವರಿ ಮೊದಲ ವಾರ ಚಾರ್ಜ್‌ಶೀಟ್ ಸಲ್ಲಿಕೆಯಾಯಿತು. ಪ್ರತಿ ಪಡೆಯಲು ಸ್ಮಿತಾ ಠಾಣೆಗೆ ಬಂದರು, ಸ್ಕೂಟರಿನಲ್ಲಿ. ಹಿಂದೆ ನಾರಾಯಣಮ್ಮ ಎರಡು ಕೈಯಲ್ಲೂ ಚೀಲ ಹಿಡಿದು, ಏನನ್ನೂ ಆತುಕೊಳ್ಳದೆ ಕುಳಿತಿದ್ದರು. ಎರಡು ಜೀಪುಗಳ ನಡುವೆ ಎರಡು ಮೊಳ ಜಾಗವಿತ್ತು. ಸ್ಮಿತಾ ಗಾಡಿಯನ್ನು ಅದರೊಳಗೆ ನೇರವಾಗಿ ತಂದು ನಿಲ್ಲಿಸಿದರು. ಪ್ಲಾಸ್ಟರ್ ಹೋಗಿ ತಿಂಗಳಾಗುತ್ತ ಬಂದಿತ್ತು. ಒಳಗೆ ಬಂದು ಮುನಿಆಂಜಿನಪ್ಪನವರ ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟರು.

"ರೊಟ್ಟಿ ತಂದೀನಿ ಸರ್. ಗಂಗಾದೇವಕ್ಕಾರ ಖಾನಾವಳೀದು. ನಾ ಈಗ ಬಡಿಯೋದು ಬಿಟ್ಟೀನಿ. ಮುಂಜಾನೆ ಏಳರತನಕ ಮಲಗತೀನಿ."

"ನಮ್ಮೆಜಮಾನ್ರೂ ಅಷ್ಟೇ," ಎಂದರು ನಾರಾಯಣಮ್ಮ.

ಸ್ಮಿತಾ ಕೈಗೆ ಬಂದ ಚಾರ್ಜ್‌ಶೀಟಿನ ದಪ್ಪನೆಯ ಕಟ್ಟನ್ನು ತಿರುವಿ ಹಾಕಿದರು. "ಇದರಾಗ ಅದು ಎಲ್ಲೈತಿ ಸರ್?"

ಯಾವುದು ಎಂದು ಮುನಿಆಂಜಿನಪ್ಪ ಕೇಳಲಿಲ್ಲ. ಕನ್ನಡಕ ಹಾಕಿಕೊಂಡು, ಪುಟ ಹುಡುಕಿ, ಬೆರಳಿಟ್ಟು ಓದಿದರು. "ಫಿರ್ಯಾದುದಾರರು ದಿನಾಂಕ 12ರಂದಾಗಲಿ, ಬೇರಾವುದೇ ದಿನದಂದಾಗಲಿ ಸ್ಕೂಟರಿನಿಂದ ಬಿದ್ದಿರುವುದಿಲ್ಲ ಎಂಬುದು ತನಿಖೆಯಿಂದ ದೃಢಪಟ್ಟಿರುತ್ತದೆ."

"ಇನ್ನೊಂದ ಸಲ ಓದ್ರಿ."

ಓದಿದರು. ಸ್ಮಿತಾ ಕಣ್ಣು ಒರೆಸಿಕೊಂಡು ನಕ್ಕರು. ಮುನಿಆಂಜಿನಪ್ಪ ಒಮ್ಮೆ ಹೊರಗೆ ನೋಡಿದರು. ದಸ್ತಗೀರನ ಅಂಗಡಿಯ ಮುಂದೆ ಏಳೆಂಟು ಜನ ಟೀ ಕುಡಿಯುತ್ತ ನಿಂತಿದ್ದರು. ಮುನಿಆಂಜಿನಪ್ಪ ಕಟ್ಟನ್ನು ಹಿಡಿದು ಬಾಗಿಲಿಗೆ ಬಂದು, ಗಂಟಲು ಸರಿಪಡಿಸಿಕೊಂಡು, ಯಾರೂ ಕೇಳದಿದ್ದರೂ ಮೂರನೇ ಸಲ ಗಟ್ಟಿಯಾಗಿ ಓದಿದರು.